ಧಾರವಾಡದ ಅರ್ಜಿಯಿಂದ ಮಕ್ಕಳ ಗ್ರಾಮಸಭೆಯವರೆಗೆ

ಕನ್ನಡ ನಾಡಿನಲ್ಲಿ ಮಕ್ಕಳ ಶಿಕ್ಷಣದ ಹಕ್ಕಿನ ಚರಿತ್ರೆಗೆ ಎರಡು ಎಳೆಗಳಿವೆ. ಶಾಲೆಯ ಬಾಗಿಲು ಯಾರಿಗೆ, ಯಾವಾಗ ತೆರೆಯಿತು ಎಂಬುದು ಒಂದು. ಒಳಗೆ ಬಂದ ಮಗುವಿನ ಮಾತಿಗೆ ಎಷ್ಟು ಬೆಲೆ ಸಿಕ್ಕಿತು ಎಂಬುದು ಇನ್ನೊಂದು. ಮೊದಲನೆಯದನ್ನು ಕಾಯಿದೆ, ಆದೇಶ, ತೀರ್ಪುಗಳಲ್ಲಿ ಗುರುತಿಸುವುದು ಸುಲಭ. ಎರಡನೆಯದು ದಾಖಲೆಗಳಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಕಾಣುತ್ತದೆ. ಆದರೂ ಕಳೆದ ಎರಡು ಶತಮಾನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಹಕ್ಕನ್ನು ಕಾಗದದ ಮೇಲೆ ಬರೆದವರು ದೊಡ್ಡವರಾದರೂ, ಮಕ್ಕಳೇ ಬಾಯಿಬಿಟ್ಟು ಕೇಳಿದ ಕಡೆ ಅದು ಹೆಚ್ಚು ಗಟ್ಟಿಯಾಗಿ ಬೇರೂರಿದೆ.

ಕೂಲಿಮಠದ ಕಾಲ

ಸರ್ಕಾರಿ ಶಾಲೆಗಳು ಬರುವ ಮೊದಲು ಊರೂರಿನಲ್ಲಿ ಅಕ್ಷರ ಕಲಿಸುತ್ತಿದ್ದುದು ಕೂಲಿಮಠಗಳು. ಅಯ್ಯಗಳಿಗೆ ಮಕ್ಕಳ ಮನೆಯವರೇ ಕಾಳು, ಕಾಸು ಕೊಡುತ್ತಿದ್ದರು. ದೇವಸ್ಥಾನದ ಪೌಳಿ, ಮಠದ ಜಗಲಿ, ಯಾರದೋ ಮನೆಯ ಪಡಸಾಲೆ ಪಾಠಶಾಲೆಯಾಗುತ್ತಿತ್ತು. ಈ ಶಾಲೆಗಳ ಬಗ್ಗೆ ಒಳ್ಳೆಯ ಲಿಖಿತ ವಿವರ ಸಿಗುವುದು ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರಲ್ಲಿ ಮದರಾಸಿನ ರೆವಿನ್ಯೂ ಬೋರ್ಡಿಗೆ ಕಳುಹಿಸಿದ ವರದಿಯಲ್ಲಿ. ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಉಳಿದವು ಸಂಸ್ಕೃತ, ಮರಾಠಿ, ಪಾರಸಿ, ತಮಿಳು ಮತ್ತು ಇಂಗ್ಲಿಷಿನವು. ಒಂಬತ್ತು ಲಕ್ಷಕ್ಕೂ ಹೆಚ್ಚು ಜನರಿದ್ದ ಜಿಲ್ಲೆಯಲ್ಲಿ ಓದುತ್ತಿದ್ದ ಮಕ್ಕಳು 6,641, ಅವರಲ್ಲಿ ಹುಡುಗಿಯರು 60.

ಮಗು ಐದನೆಯ ವರ್ಷಕ್ಕೆ ಮಠಕ್ಕೆ ಹೋಗುತ್ತಿತ್ತು. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಆಮೇಲೆ ಹಲಗೆ, ಕಡೆಗೆ ಕಾಗದ. ಮುಂದಿನ ಪಾಠ ಕಲಿತ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಈ ಪದ್ಧತಿಯನ್ನು ಕ್ಯಾಂಬೆಲ್ ಮನಸಾರೆ ಮೆಚ್ಚಿದ್ದಾನೆ. ಆದರೆ ಅದೇ ವರದಿ ಮಠದ ಶಿಸ್ತನ್ನೂ ಬಣ್ಣಿಸುತ್ತದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಎರಡನೆಯವನ ಅಂಗೈಗೆ ಸೊನ್ನೆ ಬೀಳುತ್ತಿತ್ತು, ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ತಡವಾದಷ್ಟೂ ಏಟು ಏರುತ್ತಿತ್ತು. ಪಾಠ ಒಪ್ಪಿಸದವನನ್ನು ಎರಡೂ ಕೈ ಕಟ್ಟಿ ಜಂತಿಗೆ ತೂಗುಹಾಕುವುದೂ ಇತ್ತು. ಕನ್ನಡಿಗರು ಕೋದಂಡ ಎಂದು ಕರೆದ ಶಿಕ್ಷೆ ಇದೇ. ಕಲಿಸುವ ಕ್ರಮದಲ್ಲಿ ಜಾಣ್ಮೆ ಇತ್ತು, ಮಗುವಿನ ಮೈಮನಸ್ಸಿಗೆ ರಕ್ಷಣೆ ಇರಲಿಲ್ಲ. ಮಗು ಕೇಳಿಸಿಕೊಳ್ಳಬೇಕಾದ ಜೀವ, ಮಾತನಾಡಬೇಕಾದುದಲ್ಲ ಎಂಬ ನಂಬಿಕೆ ಮನೆಯಲ್ಲೂ ಮಠದಲ್ಲೂ ಒಂದೇ ಆಗಿತ್ತು.

1856ರ ಅರ್ಜಿ

ಈ ನಂಬಿಕೆಯನ್ನು ಮುರಿದ ಮೊದಲ ದಾಖಲೆಗಳಲ್ಲಿ ಒಂದು ಧಾರವಾಡದ್ದು. 1856ರ ಜೂನ್ ತಿಂಗಳಲ್ಲಿ ಅಸ್ಪೃಶ್ಯವೆಂದು ದೂರವಿಟ್ಟಿದ್ದ ಮಹಾರ ಜಾತಿಯ ಒಬ್ಬ ಹುಡುಗ ಅಲ್ಲಿನ ಸರ್ಕಾರಿ ಶಾಲೆಗೆ ಸೇರಲು ಹೋದ. ಶಾಲೆ ಅವನನ್ನು ಸೇರಿಸಿಕೊಳ್ಳಲಿಲ್ಲ. ಅವನು ಸುಮ್ಮನಾಗದೆ ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದ. ಧಾರವಾಡ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು.

ಜುಲೈನಲ್ಲಿ ಹೊರಟ ಸರ್ಕಾರಿ ನಿರ್ಣಯ ಅವನನ್ನು ಹೆಸರು ಹಿಡಿದು ಕರೆಯದೆ ಜಾತಿಯ ಗುರುತಿನ ಅರ್ಜಿದಾರ ಎಂದಷ್ಟೇ ಕರೆಯಿತು. ನ್ಯಾಯ ಅವನ ಕಡೆಗಿದೆ ಎಂದು ಒಪ್ಪಿಕೊಂಡಿತು. ಆದರೆ ಒಬ್ಬಿಬ್ಬರಿಗಾಗಿ ಶತಮಾನಗಳ ಪೂರ್ವಗ್ರಹಕ್ಕೆ ಕೈಹಾಕಿದರೆ ಉಳಿದವರು ಶಾಲೆ ಬಿಟ್ಟು ಹೋಗುತ್ತಾರೆ, ಶಿಕ್ಷಣದ ಕೆಲಸವೇ ಕೆಡುತ್ತದೆ ಎಂದು ಪ್ರವೇಶ ನಿರಾಕರಿಸಿತು. ವಿಷಯ ಕಲ್ಕತ್ತೆಗೆ ಹೋಯಿತು. 1857ರ ಜನವರಿಯಲ್ಲಿ ಗವರ್ನರ್ ಜನರಲ್ ಅವರ ಸರ್ಕಾರ ಮುಂಬಯಿಯ ಎಚ್ಚರಿಕೆಯನ್ನು ಪೂರ್ತಿ ತಳ್ಳಿಹಾಕದಿದ್ದರೂ, ಬಂಗಾಳ ಪ್ರಾಂತ್ಯದ ಯಾವ ಸರ್ಕಾರಿ ಶಾಲೆಯೂ ಆ ಹುಡುಗನನ್ನು ಹೊರಗೆ ನಿಲ್ಲಿಸುತ್ತಿರಲಿಲ್ಲ ಎಂದು ತಿಳಿಸಿತು. 1858ರ ಏಪ್ರಿಲ್‌ನಲ್ಲಿ ಲಂಡನ್ನಿನಿಂದ ಈಸ್ಟ್ ಇಂಡಿಯಾ ಕಂಪನಿಯ ಡೈರೆಕ್ಟರುಗಳ ಉತ್ತರ ಬಂತು: ಸರ್ಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು, ಈ ತತ್ತ್ವದಿಂದ ಹಿಂದೆ ಸರಿಯುವಂತಿಲ್ಲ.

ಧಾರವಾಡದ ಒಬ್ಬ ಹುಡುಗನ ಅರ್ಜಿ ಎರಡೇ ವರ್ಷಗಳಲ್ಲಿ ಮೂರು ಸರ್ಕಾರಿ ಮೇಜುಗಳನ್ನು ದಾಟಿ ಒಂದು ನೀತಿಯನ್ನು ಹೊರಡಿಸಿತ್ತು. 1882ರ ಹಂಟರ್ ಶಿಕ್ಷಣ ಆಯೋಗವೂ ಜಾತಿಯೊಂದೇ ಕಾರಣಕ್ಕೆ ಯಾವ ಹುಡುಗನಿಗೂ ಸರ್ಕಾರಿ ಶಾಲೆಯಲ್ಲಿ ಪ್ರವೇಶ ನಿರಾಕರಿಸಬಾರದು ಎಂಬ ತತ್ತ್ವವನ್ನೇ ಎತ್ತಿಹಿಡಿಯಿತು. ಆದರೆ ಕಾಗದದ ಮೇಲೆ ತೆರೆದ ಬಾಗಿಲು ಊರಿನಲ್ಲಿ ತೆರೆಯಲಿಲ್ಲ. ದಲಿತ ಮಕ್ಕಳು ಎಷ್ಟೋ ಕಡೆ ತರಗತಿಯ ಹೊರಗೆ, ಜಗಲಿಯ ಅಂಚಿನಲ್ಲಿ ಕೂತು ಪಾಠ ಕೇಳಬೇಕಾಯಿತು. 1928ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಮುಂಬಯಿ ಪ್ರಾಂತ್ಯದ ದಲಿತರ ಶಿಕ್ಷಣದ ಸ್ಥಿತಿಯನ್ನು ಸೈಮನ್ ಆಯೋಗದ ಮುಂದಿಟ್ಟಾಗ ಧಾರವಾಡದ ಈ ಪ್ರಕರಣವನ್ನೂ ಮುಂದಿಟ್ಟರು. ನ್ಯಾಯ ಯಾರ ಕಡೆ ಇದೆ ಎಂದು ಗೊತ್ತಿದ್ದೂ ಸರ್ಕಾರ ಕೈಕಟ್ಟಿ ಕೂತಿತ್ತು ಎಂಬುದಕ್ಕೆ ಅದು ಸಾಕ್ಷಿಯಾಗಿತ್ತು.

ಬಾಗಿಲು ತೆರೆದವರು

ಸರ್ಕಾರ ಹಿಂಜರಿದ ಕಡೆ ಕೆಲವರು ಮುಂದೆ ಬಂದರು. ಮಂಗಳೂರಿನಲ್ಲಿ ವಕೀಲರಾಗಿದ್ದ ಕುದ್ಮಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದು, ಸ್ವಂತ ಜಾತಿಯವರ ಬಹಿಷ್ಕಾರವನ್ನು ಸಹಿಸಿಯೂ ನಡೆಸಿದರು. 1897ರಲ್ಲಿ ಅವರು ಸ್ಥಾಪಿಸಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶಾಲೆಯ ಜೊತೆಗೆ ವಸತಿ, ಕೈಕಸಬಿನ ತರಬೇತಿಯನ್ನೂ ಒದಗಿಸಿತು. ಮೈಸೂರಿನಲ್ಲಿ 1881ರಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರರ ಪ್ರಯತ್ನದಿಂದ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಯಿತು. ಹೆಣ್ಣುಮಕ್ಕಳನ್ನು ಹೊಸ್ತಿಲು ದಾಟಿಸಲು ಒಪ್ಪದ ಮನೆಗಳು ನಿಧಾನವಾಗಿ ಮನಸ್ಸು ಬದಲಿಸಿದವು. ಮೈಸೂರು ಸಂಸ್ಥಾನದಲ್ಲಿ ಸಿ.ಆರ್. ರೆಡ್ಡಿಯವರು ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದಾಗ, 1910ರ ದಶಕದ ಕೊನೆಯಲ್ಲಿ, ಪಂಚಮರು ಎಂದು ಕರೆಯುತ್ತಿದ್ದ ದಲಿತರ ಮಕ್ಕಳನ್ನು ಸರ್ಕಾರಿ ಶಾಲೆಗಳಿಗೆ ಸೇರಿಸಿಕೊಳ್ಳುವಂತೆ ಆದೇಶವಾಯಿತು. ಊರುಗಳಲ್ಲಿ ಪ್ರತಿಭಟನೆ ಎದ್ದರೂ ಸರ್ಕಾರ ಆದೇಶವನ್ನು ಹಿಂದಕ್ಕೆ ಪಡೆಯಲಿಲ್ಲ.

ಇದೇ ಕಾಲದಲ್ಲಿ ಕಡ್ಡಾಯ ಶಿಕ್ಷಣದ ಮಾತು ಎದ್ದಿತು. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಮಂಡಿಸಿದ ಪ್ರಾಥಮಿಕ ಶಿಕ್ಷಣದ ಮಸೂದೆ ಮರುವರ್ಷ ಕೇಂದ್ರ ಶಾಸನಸಭೆಯಲ್ಲಿ ಬಿದ್ದುಹೋಯಿತು. ಮೈಸೂರು ಸಂಸ್ಥಾನ ಕಾಯಲಿಲ್ಲ. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ನಿಬಂಧನೆ ಜಾರಿಗೆ ಬಂದು ಆಯ್ದ ಊರುಗಳಲ್ಲಿ ಶಾಲಾ ಹಾಜರಿ ಕಡ್ಡಾಯವಾಯಿತು. ಸ್ವಾತಂತ್ರ್ಯದ ಬಳಿಕ ಸಂವಿಧಾನದ 45ನೆಯ ವಿಧಿ ಹತ್ತು ವರ್ಷಗಳೊಳಗೆ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ರಾಜ್ಯ ಪ್ರಯತ್ನಿಸಬೇಕು ಎಂದಿತು. 1961ರಲ್ಲಿ ಮೈಸೂರು ರಾಜ್ಯ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಮಾಡಿತು. ಈ ಎಲ್ಲ ಕಾನೂನುಗಳಲ್ಲಿ ಕರ್ತವ್ಯ ತಂದೆತಾಯಿಯದು, ಅಧಿಕಾರ ಇಲಾಖೆಯದು. ಮಗು ಹಾಜರಿ ಪುಸ್ತಕದ ಒಂದು ಹೆಸರು ಮಾತ್ರ.

ಮಗುವಿನ ಮನಸ್ಸಿಗೆ ಜಾಗ ಕೊಡುವ ಪ್ರಯೋಗಗಳು ನಡೆದದ್ದು ಹೆಚ್ಚಾಗಿ ಶಾಲೆಯ ಹೊರಗೆ. ಶಿವರಾಮ ಕಾರಂತರು 1930ರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಚಿತ್ರ, ಪ್ರಕೃತಿಯ ಒಡನಾಟಗಳನ್ನೇ ಪಾಠ ಮಾಡಿದರು. ಮಕ್ಕಳ ಕುತೂಹಲಕ್ಕೆಂದೇ ‘ಬಾಲಪ್ರಪಂಚ’ದ ಸಂಪುಟಗಳನ್ನು ಬರೆದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ‘ಸರಸ್ವತಿ’ ಪತ್ರಿಕೆಯ ಸಂಪಾದಕಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟ ಆರಂಭಿಸಿದರು. ಪರೀಕ್ಷೆ, ಅಂಕಗಳ ಹಂಗಿಲ್ಲದೆ ಮಕ್ಕಳು ಹಾಡಲು, ಆಡಲು, ಮಾತನಾಡಲು ಅಲ್ಲಿ ಜಾಗವಿತ್ತು.

ದುಡಿಯುವ ಮಕ್ಕಳ ಸಂಘ

ಮಕ್ಕಳೇ ಸಂಘಟಿತರಾಗಿ ಮಾತನಾಡಿದ್ದು ಇನ್ನೂ ಐವತ್ತು ವರ್ಷಗಳ ಮೇಲೆ. ಆ ದನಿ ಎದ್ದದ್ದು ಶಾಲೆಯ ಮಕ್ಕಳಿಂದಲ್ಲ, ಶಾಲೆ ತಪ್ಪಿದ ಮಕ್ಕಳಿಂದ. 1980ರ ದಶಕದ ಬೆಂಗಳೂರಿನಲ್ಲಿ ಹೋಟೆಲಿನ ಲೋಟ ತೊಳೆಯುವ ಹುಡುಗರು, ಚಿಂದಿ ಆಯುವವರು, ಮನೆಗೆಲಸದ ಹುಡುಗಿಯರು ಎಲ್ಲೆಲ್ಲೂ ಇದ್ದರು. ಹೋಟೆಲ್ ಮಾಣಿಗಳಲ್ಲಿ ಬಹಳ ಮಂದಿ ಕರಾವಳಿಯವರು, ಅದರಲ್ಲೂ ಕುಂದಾಪುರ ಕಡೆಯವರು. ಅವರ ನಡುವೆ ಕೆಲಸ ಆರಂಭಿಸಿದ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಬೆಂಬಲದಿಂದ 1990ರಲ್ಲಿ ಭೀಮ ಸಂಘ ಹುಟ್ಟಿತು. ಅದು ದುಡಿಯುವ ಮಕ್ಕಳು ತಮಗಾಗಿ ಕಟ್ಟಿಕೊಂಡ ಸಂಘ. ಮಕ್ಕಳು ತಮ್ಮ ಪದಾಧಿಕಾರಿಗಳನ್ನು ತಾವೇ ಆರಿಸಿದರು, ಸಭೆ ನಡೆಸಿದರು, ಸುದ್ದಿಯನ್ನು ‘ಭೀಮ ಪತ್ರಿಕೆ’ಯಲ್ಲಿ ಹಂಚಿಕೊಂಡರು.

ಸಂಘದ ಮಕ್ಕಳ ವಾದ ಸರಳವಾಗಿತ್ತು. ತಮ್ಮನ್ನು ಕೆಲಸದಿಂದ ಬಿಡಿಸುವ ಮಾತಾಡುವವರು ಮೊದಲು ತಾವೇಕೆ ಶಾಲೆ ಬಿಟ್ಟೆವು ಎಂದು ಕೇಳಬೇಕು. ಬಡತನ ಒಂದು ಕಾರಣ. ದೂರದ ಶಾಲೆ, ಏಟು, ಅರ್ಥವಾಗದ ಪಾಠ, ಬದುಕಿಗೆ ಹೊಂದದ ಸಮಯ ಇವೂ ಕಾರಣಗಳು. ಇದನ್ನು ಕೇಳದೆ ಹುಡುಗನನ್ನು ಮತ್ತೆ ಅದೇ ಬೆಂಚಿಗೆ ತಂದು ಕೂರಿಸಿದರೆ ಅವನು ಪುನಃ ಬೆಂಗಳೂರಿನ ಬಸ್ಸು ಹತ್ತುತ್ತಾನೆ.

1996ರ ಕೊನೆಯಲ್ಲಿ ದುಡಿಯುವ ಮಕ್ಕಳ ಮೊದಲ ಅಂತರರಾಷ್ಟ್ರೀಯ ಸಭೆ ನಡೆದದ್ದು ಕುಂದಾಪುರದಲ್ಲೇ. ಏಷ್ಯಾ, ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ಮೂವತ್ತಕ್ಕೂ ಹೆಚ್ಚು ದೇಶಗಳ ಮಕ್ಕಳ ಪ್ರತಿನಿಧಿಗಳು ಸೇರಿ ಹತ್ತು ಅಂಶಗಳ ಘೋಷಣೆ ಹೊರಡಿಸಿದರು. ತಮ್ಮ ಬದುಕಿಗೆ ಹೊಂದುವ ಶಿಕ್ಷಣ ಬೇಕು, ತಮಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ತಮ್ಮನ್ನು ಕೇಳಬೇಕು, ತಮ್ಮ ಕೆಲಸಕ್ಕೆ ಗೌರವ ಬೇಕು ಎಂಬವು ಅದರ ಮುಖ್ಯ ಬೇಡಿಕೆಗಳು. ಮಕ್ಕಳು ದುಡಿಯುವುದನ್ನೇ ಪೂರ್ತಿ ನಿಷೇಧಿಸಬೇಕು ಎನ್ನುವವರಿಗೂ ಈ ಮಕ್ಕಳಿಗೂ ನಡೆದ ವಾದ ಇನ್ನೂ ಮುಗಿದಿಲ್ಲ. ಆದರೆ ಶಿಕ್ಷಣದ ಚರ್ಚೆಯಲ್ಲಿ ಮಗುವನ್ನು ಸಾಕ್ಷಿಯಾಗಿ ಮಾತ್ರವಲ್ಲ, ಪಕ್ಷಗಾರನಾಗಿ ಕೂರಿಸಿದ್ದು ಕುಂದಾಪುರದ ದೊಡ್ಡ ಕೊಡುಗೆ.

ಮಕ್ಕಳ ಪಂಚಾಯತಿ, ಮಕ್ಕಳ ಗ್ರಾಮಸಭೆ

1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದು ಗ್ರಾಮಸಭೆಗೆ ಬಲ ಬಂತು. ಆದರೆ ಗ್ರಾಮಸಭೆ ಮತದಾರರ ಸಭೆ, ಹದಿನೆಂಟು ತುಂಬದವರಿಗೆ ಅಲ್ಲಿ ಜಾಗವಿಲ್ಲ. ಈ ಕೊರತೆಯನ್ನು ತುಂಬಲು 1990ರ ದಶಕದ ಮಧ್ಯಭಾಗದಲ್ಲಿ ಕುಂದಾಪುರ ತಾಲ್ಲೂಕಿನ ಕೆರಾಡಿ, ಆಲೂರು ಮುಂತಾದ ಕಡೆ ಮಕ್ಕಳ ಪಂಚಾಯತಿಗಳು ಆರಂಭವಾದವು. ಶಾಲೆಗೆ ಹೋಗುವವರು, ದುಡಿಯುವವರು, ಅಂಗವಿಕಲರು, ಹುಡುಗಿಯರು ಎಲ್ಲರಿಗೂ ಅಲ್ಲಿ ಪ್ರಾತಿನಿಧ್ಯವಿತ್ತು. ಮಕ್ಕಳ ಪ್ರತಿನಿಧಿಗಳು ಹಿರಿಯರ ಪಂಚಾಯತಿಯ ಸದಸ್ಯರ ಎದುರು ಕೂತು ಅಹವಾಲು ಹೇಳಿದರು.

ಮಕ್ಕಳು ಎತ್ತಿದ ವಿಷಯಗಳು ಅವರ ಹಾದಿಯಿಂದಲೇ ಬಂದವು. ಮಲೆನಾಡಿನ ಅಂಚಿನ ಆ ಊರುಗಳಲ್ಲಿ ಮಳೆಗಾಲ ಬಂತೆಂದರೆ ಹಳ್ಳ ತುಂಬಿ ಹರಿಯುತ್ತದೆ. ಅಡಕೆ ಮರ ಹಾಸಿದ ಕಾಲುಸಂಕವೇ ಶಾಲೆಯ ದಾರಿ. ದೊಡ್ಡವರು ಅಭ್ಯಾಸದಿಂದ ದಾಟುವ ಆ ಸಂಕ ಚಿಕ್ಕ ಮಗುವಿಗೆ ಜೀವಭಯ. ಮಕ್ಕಳು ಮನೆಮನೆ ಸುತ್ತಿ ಮಾಹಿತಿ ಕಲೆಹಾಕಿದರು, ಊರಿನ ನಕ್ಷೆ ಬರೆದು ಎಲ್ಲೆಲ್ಲಿ ಸಂಕ ಬೇಕು, ಎಲ್ಲಿ ಅಂಗನವಾಡಿ ದೂರ, ಯಾರ ಮನೆಯ ಮಗು ಶಾಲೆ ಬಿಟ್ಟಿದೆ ಎಂದು ಗುರುತಿಸಿದರು. ಮುಂದೆ ಪಂಚಾಯತಿಯ ಐದು ವರ್ಷದ ಯೋಜನೆಗೂ ತಾಲ್ಲೂಕಿನ ಮಕ್ಕಳು ತಮ್ಮ ಅಂಶಗಳನ್ನು ಸೇರಿಸಿದರು. ಮಕ್ಕಳಿಗೆ ಏನು ಗೊತ್ತು ಎನ್ನುತ್ತಿದ್ದ ಹಿರಿಯರಿಗೆ ಆ ನಕ್ಷೆಗಳೇ ಉತ್ತರವಾದವು.

ಈ ಅನುಭವದ ಬೆನ್ನಲ್ಲೇ 2006ರಲ್ಲಿ ಕರ್ನಾಟಕ ಸರ್ಕಾರ ರಾಜ್ಯದ ಎಲ್ಲ ಗ್ರಾಮ ಪಂಚಾಯತಿಗಳೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂದು ಆದೇಶಿಸಿತು. ಐದೂವರೆ ಸಾವಿರಕ್ಕೂ ಹೆಚ್ಚು ಪಂಚಾಯತಿಗಳಿಗೆ ಅನ್ವಯಿಸುವ ಈ ಆದೇಶದಿಂದ ಒಂದು ತಾಲ್ಲೂಕಿನ ಪ್ರಯೋಗ ಇಡೀ ರಾಜ್ಯದ ಪದ್ಧತಿಯಾಯಿತು. ಶೌಚಾಲಯಕ್ಕೆ ನೀರು, ಶಾಲೆಗೆ ಕಾಂಪೌಂಡು, ಹೊತ್ತಿಗೆ ಸರಿಯಾಗಿ ಬರುವ ಬಸ್ಸು, ಖಾಲಿ ಇರುವ ಶಿಕ್ಷಕರ ಹುದ್ದೆ, ಆಟದ ಮೈದಾನ, ಶಾಲೆಯ ಪಕ್ಕದ ಹೆಂಡದಂಗಡಿ, ಬಾಲ್ಯವಿವಾಹ ಇವು ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತುಗಳು.

ತರಗತಿಯ ಒಳಗೂ ಇದೇ ಕಾಲದಲ್ಲಿ ಒಂದು ಬದಲಾವಣೆ ನಡೆಯಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮಗುವೂ ತನ್ನ ವೇಗದಲ್ಲಿ ಏರುವಂತೆ ಮಾಡಿದರು. ಕೆಲವು ದಿನ ಗೈರುಹಾಜರಾದ ಮಗು ತಾನು ನಿಲ್ಲಿಸಿದಲ್ಲಿಂದಲೇ ಮುಂದುವರಿಯಬಹುದು. ಕೆಲಸಕ್ಕೋ ಜಾತ್ರೆಗೋ ಹೋಗಿ ಬಂದ ಮಗುವನ್ನು ದಡ್ಡ ಎನ್ನುವ ಕಾರಣ ಅಲ್ಲಿ ಉಳಿಯಲಿಲ್ಲ. 2009-10ರ ಹೊತ್ತಿಗೆ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆ ಅದು ರಾಜ್ಯದಾದ್ಯಂತ ಹಬ್ಬಿತು.

ಕಾನೂನು ಮತ್ತು ಮಗುವಿನ ದನಿ

ವಿಶ್ವಸಂಸ್ಥೆ 1989ರ ನವೆಂಬರ್ 20ರಂದು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಟ್ಟಿತು. ಮಗುವಿನ ವಯಸ್ಸು, ತಿಳಿವಳಿಕೆಗೆ ತಕ್ಕಂತೆ ಆ ಅಭಿಪ್ರಾಯಕ್ಕೆ ಬೆಲೆ ಕೊಡಬೇಕು ಎಂದಿತು. ಭಾರತ ಇದನ್ನು ಒಪ್ಪಿದ್ದು 1992ರ ಡಿಸೆಂಬರ್‌ನಲ್ಲಿ. ಅದೇ ವರ್ಷ ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶಿಕ್ಷಣವನ್ನು ಮೂಲಭೂತ ಹಕ್ಕು ಎಂದು ಮೊದಲ ಬಾರಿಗೆ ಸಾರಿತ್ತು. ರಾಜ್ಯದ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಹೊರರಾಜ್ಯದವರಿಗೆ ವರ್ಷಕ್ಕೆ 60,000 ರೂಪಾಯಿ ಶುಲ್ಕ ನಿಗದಿಯಾಗಿದ್ದುದನ್ನು ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬರು ಪ್ರಶ್ನಿಸಿದ್ದರು. ಮೋಹಿನಿ ಜೈನ್ ಪ್ರಕರಣ ಎಂದು ಹೆಸರಾದ ಈ ತೀರ್ಪನ್ನು 1993ರ ಉನ್ನಿಕೃಷ್ಣನ್ ತೀರ್ಪು ಪರಿಷ್ಕರಿಸಿ, 14 ವರ್ಷದವರೆಗಿನ ಶಿಕ್ಷಣ ಮೂಲಭೂತ ಹಕ್ಕು ಎಂದು ನಿಲ್ಲಿಸಿತು. 2002ರ 86ನೆಯ ತಿದ್ದುಪಡಿ ಅದನ್ನು 21ಎ ವಿಧಿಯಾಗಿ ಸಂವಿಧಾನಕ್ಕೆ ಸೇರಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು.

ಆ ಕಾಯಿದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. 29ನೆಯ ಸೆಕ್ಷನ್ ಮಗುವನ್ನು ಭಯ, ಆತಂಕಗಳಿಂದ ಬಿಡಿಸಿ ತನ್ನ ಅನಿಸಿಕೆಯನ್ನು ಮುಕ್ತವಾಗಿ ಹೇಳಲು ನೆರವಾಗುವುದು ಪಠ್ಯಕ್ರಮದ ಹೊಣೆ ಎಂದಿತು. ಆದರೆ ಶಾಲೆಯ ಆಡಳಿತದಲ್ಲಿ ಮಗುವಿನ ಸ್ಥಾನ ತೆಳುವಾಗಿಯೇ ಉಳಿಯಿತು. ಕರ್ನಾಟಕದಲ್ಲಿ ರಾಜಾ ರಾಮಣ್ಣ ಕಾರ್ಯಪಡೆಯ ಶಿಫಾರಸಿನ ಮೇರೆಗೆ 2001ರಿಂದ ಇರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಪೋಷಕರಿಗೆ ಅಧಿಕಾರ ಕೊಟ್ಟವು. ಹೊಸ ಕಾಯಿದೆಯೂ ಶಾಲಾ ಸಮಿತಿಯ ಮುಕ್ಕಾಲು ಪಾಲನ್ನು ಪೋಷಕರಿಗೆ ಮೀಸಲಿಟ್ಟಿತು. ಕೇಂದ್ರದ ನಿಯಮಗಳು ಉಳಿದ ಕಾಲು ಭಾಗದ ಒಂದು ಪಾಲಿಗೆ ಸ್ಥಳೀಯ ಶಿಕ್ಷಣತಜ್ಞರನ್ನು ಅಥವಾ ಶಾಲೆಯ ಮಕ್ಕಳನ್ನು ಆರಿಸಬಹುದು ಎಂದವು. ಆರಿಸುವವರು ಅಲ್ಲಿಯೂ ಪೋಷಕರೇ.

ಮಗುವಿನ ಪರವಾಗಿ ದೊಡ್ಡವರೇ ಮಾತನಾಡುವ ಈ ಪದ್ಧತಿ ಭಾಷಾ ಮಾಧ್ಯಮದ ವಿವಾದದಲ್ಲೂ ಕಂಡಿತು. ಒಂದರಿಂದ ನಾಲ್ಕನೆಯ ತರಗತಿವರೆಗೆ ಮಾತೃಭಾಷೆ ಇಲ್ಲವೇ ಕನ್ನಡದಲ್ಲಿ ಕಲಿಸಬೇಕೆಂಬ ಕರ್ನಾಟಕದ 1994ರ ಆದೇಶವನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2014ರ ಮೇ 6ರಂದು ಒಪ್ಪಲಿಲ್ಲ. ಕಲಿಕೆಯ ಮಾಧ್ಯಮ ಆರಿಸುವುದು ಮಗುವಿನ ವಾಕ್ ಸ್ವಾತಂತ್ರ್ಯದ ಭಾಗ, ಮಗುವಿನ ಪರವಾಗಿ ಅದನ್ನು ಚಲಾಯಿಸುವವರು ತಂದೆತಾಯಿ ಎಂಬುದು ತೀರ್ಪಿನ ಸಾರ. ಮಗು ತನಗೆ ಅರ್ಥವಾಗುವ ಮಾತಿನಲ್ಲಿ ಕಲಿಯುತ್ತಿದೆಯೇ ಎಂಬ ಪ್ರಶ್ನೆ ಆ ತೀರ್ಪಿನ ನಂತರವೂ ಹಾಗೆಯೇ ಉಳಿದಿದೆ.

ಇತ್ತೀಚಿನ ಎರಡು ಘಟನೆಗಳು ಮಕ್ಕಳ ನೇರ ಮಾತಿನ ಬಲವನ್ನು ತೋರಿಸಿವೆ. ಕೊಪ್ಪಳ ಜಿಲ್ಲೆಯ ಒಬ್ಬ ವಿದ್ಯಾರ್ಥಿ, ಕಾಯಿದೆಯಂತೆ ಸಿಗಬೇಕಾದ ಎರಡನೆಯ ಜೊತೆ ಸಮವಸ್ತ್ರ ಸಿಕ್ಕಿಲ್ಲವೆಂದು ಹೈಕೋರ್ಟಿನ ಬಾಗಿಲು ತಟ್ಟಿದ. 2019ರಲ್ಲಿ ನ್ಯಾಯಾಲಯ ಮಕ್ಕಳಿಗೆ ಎರಡು ಜೊತೆ ಕೊಡುವಂತೆ ಸರ್ಕಾರಕ್ಕೆ ನಿರ್ದೇಶಿಸಿತು. 2021ರ ಡಿಸೆಂಬರ್‌ನಲ್ಲಿ ಉತ್ತರದ ಏಳು ಜಿಲ್ಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಸರ್ಕಾರಿ ಶಾಲೆಯ ಹುಡುಗಿಯರು ತಮಗೆ ಮೊಟ್ಟೆ ಬೇಕೇ ಬೇಕು ಎಂದು ಎಲ್ಲರೆದುರು ಗಟ್ಟಿಯಾಗಿ ಹೇಳಿದರು. ಆ ಮಾತು ನಾಡಿನಾದ್ಯಂತ ಕೇಳಿಸಿತು. ಮುಂದಿನ ಶೈಕ್ಷಣಿಕ ವರ್ಷದಲ್ಲಿ ಯೋಜನೆ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. ಹಸಿವು ಯಾರದೋ ಅವರ ಮಾತಿಗೇ ಹೆಚ್ಚು ತೂಕ ಎಂಬುದನ್ನು ಆ ಹುಡುಗಿಯರು ತೋರಿಸಿಕೊಟ್ಟರು.

ಉಳಿದಿರುವ ಕೆಲಸ

ಶಾಲೆಯ ಬಾಗಿಲು ತೆರೆಯುವ ಕೆಲಸ ಬಹುಮಟ್ಟಿಗೆ ಆಗಿದೆ. ಮಗುವಿನ ಮಾತಿಗೆ ಉತ್ತರ ಕೊಡುವ ಕೆಲಸ ಇನ್ನೂ ಅರ್ಧದಾರಿಯಲ್ಲಿದೆ. ಮಕ್ಕಳ ಗ್ರಾಮಸಭೆ ಎಷ್ಟೋ ಪಂಚಾಯತಿಗಳಲ್ಲಿ ನವೆಂಬರ್ ತಿಂಗಳ ಒಂದು ದಿನದ ಸಮಾರಂಭವಾಗಿ ಮುಗಿಯುತ್ತದೆ. ವೇದಿಕೆ ತುಂಬ ಅತಿಥಿಗಳು ಕೂರುತ್ತಾರೆ, ಭಾಷಣಕ್ಕೆ ಬಹಳ ಹೊತ್ತು ಹೋಗುತ್ತದೆ, ಮಕ್ಕಳ ಪ್ರಶ್ನೆಗೆ ಉಳಿಯುವುದು ಕೊನೆಯ ಕೆಲವು ನಿಮಿಷ. ಶಾಲೆ ಬಿಟ್ಟ ಮಕ್ಕಳು, ವಲಸೆ ಹೋದ ಕುಟುಂಬಗಳ ಮಕ್ಕಳು, ಅಂಗವಿಕಲ ಮಕ್ಕಳು ಆ ಸಭೆಗೆ ಬರುವುದೇ ಕಡಿಮೆ. ಅವರ ಮಾತೇ ಅಲ್ಲಿ ಮೊದಲು ಕೇಳಬೇಕಾದ ಮಾತು.

ಇದನ್ನು ಸರಿಪಡಿಸಲು ಹೊಸ ಕಾಯಿದೆ ಬೇಕಿಲ್ಲ. ಪ್ರತಿ ಪಂಚಾಯತಿಯೂ ಮಕ್ಕಳು ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡು, ಮರುವರ್ಷದ ಸಭೆಯ ಆರಂಭದಲ್ಲೇ ಯಾವುದು ಆಯಿತು, ಯಾವುದು ಆಗಲಿಲ್ಲ, ಏಕೆ ಆಗಲಿಲ್ಲ ಎಂದು ಮಕ್ಕಳ ಮುಂದೆಯೇ ಓದಿ ಹೇಳಲಿ. ಶಿಕ್ಷಕರು, ಪೋಷಕರು, ಪಂಚಾಯತಿ ಸದಸ್ಯರು ಅಂದು ಮಾತನಾಡುವುದಕ್ಕಿಂತ ಕೇಳಲು ಕೂರಲಿ.